ಡ್ಯಾಮ್ ನೋಡ್ಲಾಕ ಇಳಿದವ್ರು ಏರಿ ಬರಬೇಕಲ್ಲ

ಹೋದ ವಾರ ಮೂರು ಮಂದಿ ಹುಡುಗ್ರು ಅಂಗಡಿಗಿ ಬಂದ್ರು, ಕಾಕಾ ಸೈಕಲ್ ಸರ್ವಿಸ್ ಮಾಡಿಕೊಡ್ರಿ, ಚಿಂಚೋಳಿ ಆ ಕಡಿ ಚಂದ್ರಂಪಳ್ಳಿ ಡ್ಯಾಮಿಗಿ ಹೊಂಟೀವಿ ಅಂದ್ರು. ಎಷ್ಟ್ ದಿನದ ಟ್ರಿಪ್ಪೋ ಅಂದೆ. ಎರಡೇ ದಿನ ರೀ, ಶನಿವಾರ ಹೋಗೋದು, ಐತವಾರ ಬರೋದು, ಒಂದ್ ಕಡಿಗಿ ನೂರು ಕಿಲೋಮೀಟರ್ ಹತ್ರ ಬರ್ತದ, ನಾವು ರಿಂಗ್ ರೋಡಿನಾಗ ನೂರು ಹೊಡೀತೀವಿ ಅಂದ ಒಬ್ಬ. ಅಲ್ಲೇ ಅದ ನೋಡ್ರಿ ತಪ್ಪು. ಕಲಬುರಗಿ ರಿಂಗ್ ರೋಡ್ ಅಂದ್ರ ರೊಟ್ಟಿ ಹಂಚು ಇದ್ದಂಗ ಸಪಾಟು, ಅದರ ಮ್ಯಾಲ ಹೊಡೆದ ನೂರಕ್ಕೂ ಚಿಂಚೋಳಿ ಗುಡ್ಡದಾಗಿನ ನೂರಕ್ಕೂ ಸಂಬಂಧನೇ ಇಲ್ಲ.

ಇಪ್ಪತ್ತು ವರ್ಷದ ಮ್ಯಾಲಾಯ್ತು ನಾ ಸೈಕಲ್ ಕೆಲಸ ಮಾಡ್ಲಾಕತ್ತು, ಗುಡ್ಡದ ಟ್ರಿಪ್ ಮುಗಿಸಿ ಮೊಣಕಾಲು ಹಿಡ್ಕೊಂಡು ಬಂದವ್ರನ್ನ ಭಾಳ ಮಂದಿನ ನೋಡೀನಿ, ಅವ್ರೆಲ್ಲ ಹಾಕಿದ್ದು ಕಿಲೋಮೀಟರ್ ಲೆಕ್ಕನೇ. ಗುಡ್ಡ, ಕೆರಿ ಎರಡೂ ಇರೋ ಕಡಿ ಕಿಲೋಮೀಟರ್ ಲೆಕ್ಕ ಆಮ್ಯಾಲ, ಮೊದಲ ಏರಿನ ಲೆಕ್ಕ. ಯಾಕಂದ್ರ ನೀರು ಯಾವತ್ತಿದ್ರೂ ತಗ್ಗಿನಾಗೇ ನಿಲ್ತದ. ಡ್ಯಾಮಿಗಿ ಹೋಗೋದು ಅಂದ್ರ ಕಡೀಗಿ ಇಳಿಯೋದು, ಗಾಳಿ ಮಾರಿಗಿ ಬಡೀತದ, ಮಜಾ ಬರ್ತದ, ಫೋಟೋ ತೆಗೀತೀರಿ, ಬುತ್ತಿ ಬಿಚ್ಚಿ ಹೊಟ್ಟಿತುಂಬ ತಿಂತೀರಿ, ಆಮ್ಯಾಲ ತಣ್ಣಗಾದ ಕಾಲು ಇಟ್ಕೊಂಡು ಅದೇ ಇಳಿಜಾರು ಏರ್ಬೇಕು. ದಿನದ ಎಲ್ಲಾಕಿಂತ ಕಷ್ಟದ ಅರ್ಧ ತಾಸು, ನೀವು ಎಲ್ಲಾಕಿಂತ ಸುಸ್ತಾದಾಗ ಬರ್ತದ.

ಇದು ನಮ್ಮ ಕಡಿ ಅಷ್ಟೇ ಅಲ್ಲ. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಸೈಕಲ್ ಮಂದಿಗಿ ಕಾಶಿ ಇದ್ದಂಗ, ಅಲ್ಲಿ ಹಿಮನದಿ ಕೊರೆದ ಕಣಿವಿ, ಕಣಿವಿ ತಳಕ್ಕ ಕೆರಿ, ಒಂದ್ ಕೆರಿಯಿಂದ ಇನ್ನೊಂದಕ್ಕ ಹೋಗ್ಬೇಕಂದ್ರ ಭಾಳ ಕಡಿ ನಡುವ ಗುಡ್ಡ ದಾಟ್ಬೇಕು. ಹಾರ್ಡ್‌ನಾಟ್ ಪಾಸ್ ಅಂತ ಅದ, ಕೆಲವು ಕಡಿ 33 ಪರ್ಸೆಂಟ್ ಏರು, ಅಂದ್ರ ಮೂರು ಹೆಜ್ಜಿ ಮುಂದ ಹೋದ್ರ ಒಂದು ಹೆಜ್ಜಿ ಮ್ಯಾಲ. ನಮ್ಮಲ್ಲಿ ಅಷ್ಟಿಲ್ಲ, ದೇವರ ದಯೆ. ನಮ್ಮವು ಹಳ್ಳಕ್ಕ ಕಟ್ಟಿದ ಡ್ಯಾಮು, ಆ ನೀರು ಮುಲ್ಲಾಮಾರಿ ನದಿ ಹಿಡಿದು ಕಾಗಿಣಾಕ್ಕ ಸೇರ್ತದ, ಕಾಗಿಣಾ ಭೀಮಾಕ್ಕ, ಆದ್ರ ಆಟ ಅದೇ.

ಹುಡುಗ್ರಿಗಿ ಅಂಗಡಿ ಫರ್ಸಿ ಮ್ಯಾಲ ಚಾಕ್‌ಪೀಸಿಲೆ ಬರೆದು ತೋರಿಸ್ದೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರ, ಬೀದರ್ ಸುಮಾರು 660. ಬೀದರಿಗಿ ಹೋಗೋರು 200 ಮೀಟರ್ ಏರಿದ್ರ ಮುಗೀತು ಅನ್ಕೋತಾರ. ಆದ್ರ ನಡುವ ಹತ್ತು ಹಳ್ಳ ಬಂದ್ವು, ಒಂದೊಂದರಾಗ 20 ಮೀಟರ್ ಇಳಿದು 20 ಮೀಟರ್ ಏರಿದ್ರಿ ಅಂತ ಹಿಡೀರಿ, ಇನ್ನೊಂದು 200 ಮೀಟರ್ ಬಂತು, ಅದು ನಿಮ್ಮ ಲೆಕ್ಕದಾಗ ಇರಲೇ ಇಲ್ಲ. ಅದಕ್ಕ ಮೊಬೈಲ್ ಮ್ಯಾಪಿನಾಗ ರೂಟ್ ಹಾಕಿದ್ ಮ್ಯಾಲ ಒಟ್ಟು ಏರು ಎಷ್ಟು ಅಂತ ನೋಡ್ರಿ, ಎಲ್ಲಾಕಿಂತ ಕಡಕ್ ಕಿಲೋಮೀಟರ್ ಯಾವುದು ಅಂತನೂ ನೋಡ್ರಿ. ನೂರು ಕಿಲೋಮೀಟರಿಗಿ ಸಾವಿರ ಮೀಟರ್ ಏರು ಬಂತಂದ್ರ ಅದನ್ನ ಗುಡ್ಡದ ರೂಟ್ ಅಂತ್ಲೇ ತಿಳ್ಕೋಬೇಕು.

ಟೈಮ್ ಹ್ಯಾಂಗ ಹಿಡೀಬೇಕು ಅಂದ್ರ, ಮನಿಷಾ, ಸೈಕಲ್, ಸಾಮಾನು ಎಲ್ಲಾ ಕೂಡಿ 85 ಕೆಜಿ ಅನ್ರಿ, 150 ವ್ಯಾಟ್ ಶಕ್ತಿ ಹಾಕಿ ತುಳಿದ್ರ, ಅದಷ್ಟೂ ಬರೇ ಮ್ಯಾಲ ಏರ್ಲಾಕ ಹೋಯ್ತು ಅಂದ್ರೂ, 100 ಮೀಟರ್ ಏರ್ಲಾಕ ಒಂಬತ್ತು ನಿಮಿಷದ ಮ್ಯಾಲ ಬೇಕು. ಇದರಾಗ 3 ಕೆಜಿ ಸಾಮಾನು ಕಮ್ಮಿ ಮಾಡಿದ್ರ ಉಳಿಯೋದು ಇಪ್ಪತ್ತು ಸೆಕೆಂಡ್! ಅಷ್ಟಕ್ಕ ಮಂದಿ ಕಾರ್ಬನ್ ಫ್ರೇಮ್ ಅಂತ ಸಾಲ ಮಾಡ್ತಾರ. ನಾ ಸೈಕಲ್ ಮಾರಾವ ಆಗಿ ಇದನ್ನ ಹೇಳ್ಬಾರದು, ಆದ್ರೂ ಹೇಳ್ತೀನಿ, ಆ ರೊಕ್ಕ ಕ್ಯಾಸೆಟ್ಟಿಗಿ, ಅಂದ್ರ ಹಿಂದಿನ ಗಾಲಿಯ ಹಲ್ಲಿನ ಚಕ್ರಗಳ ಸೆಟ್ಟಿಗಿ ಹಾಕ್ರಿ.

ಹುಡುಗ್ರ ಸೈಕಲ್‌ನಾಗ ಮುಂದ ಸಣ್ಣ ಚಕ್ರ 34 ಹಲ್ಲು, ಹಿಂದ ದೊಡ್ಡದು 28. ಪೆಡಲ್ ಒಂದು ಸುತ್ತು ತಿರುಗಿದ್ರ ಸೈಕಲ್ ಎರಡೂವರಿ ಮೀಟರ್ ಮುಂದ ಹೋಗ್ತದ, ನಿಮಿಷಕ್ಕ 60 ಸುತ್ತು ತುಳಿದ್ರ ತಾಸಿಗಿ 9 ಕಿಲೋಮೀಟರ್. 5 ಪರ್ಸೆಂಟ್ ಏರಿನಾಗ ಇದು ನಡೀತದ, 8 ಪರ್ಸೆಂಟ್ ಬಂತು ಅಂದ್ರ ತಾಲೀಮಿಲ್ಲದ ಕಾಲು ಅಷ್ಟು ಸುತ್ತು ತುಳಿಯಂಗಿಲ್ಲ, ನಲವತ್ತಕ್ಕ ಇಳೀತದ, ಮೊಣಕಾಲು ಕಟಕಟ ಅಂತದ. ಹಿಂದ 32 ಹಾಕಿದ್ರ ತಾಸಿಗಿ 8 ಕಿಲೋಮೀಟರಿನಾಗ ಅದೇ 60 ಸುತ್ತು ತುಳೀಬಹುದು. ಆದ್ರ ಸುಮ್ಮ ತಂದು ಹಾಕಿಸಬ್ಯಾಡ್ರಿ, ಚೈನ್ ಸರಿಸಿ ಗೇರ್ ಬದಲಿಸೋ ಡಿರೇಲರ್ ಎಲ್ಲಾವೂ 32 ತಡ್ಕೊಳಂಗಿಲ್ಲ, ಚೈನ್ ಉದ್ದನೂ ನೋಡ್ಬೇಕು. ನಮ್ಮ ಅಪ್ಪನ ಕಾಲದ ಕರೀ ಸೈಕಲ್ ಮುಂದ 44, ಹಿಂದ 18, ಅಷ್ಟೇ, ಏರು ಬಂದ್ರ ಇಳಿದು ತಳ್ತಿದ್ರು, ಯಾರೂ ನಗ್ತಿದ್ದಿಲ್ಲ. ಈಗ ಹೆಲ್ಮೆಟ್ ಹಾಕ್ಕೊಂಡವ್ರು ಇಳಿದು ತಳ್ಲಾಕ ನಾಚ್ತಾರ, ಅದೇನ್ ನಾಚಿಕಿನೋ.

ಗಾಳಿದೂ ಲೆಕ್ಕ ಅದ. ಮಳಿಗಾಲದಾಗ ಗಾಳಿ ಪಡುವಣ ಕಡಿಯಿಂದ, ಚಳಿಗಾಲದಾಗ ಮೂಡಣ ಕಡಿಯಿಂದ. ಚಿಂಚೋಳಿ ನಮಗ ಮೂಡಣಕ್ಕ ಅದ. ಅಂದ್ರ ಆಗಸ್ಟ್‌ನಾಗ ಹೋದ್ರ ಗಾಳಿ ಬೆನ್ನಿಗಿ ನೂಕ್ತದ, ನಾ ಭಾರೀ ಗಟ್ಟಿ ಅದೀನಿ ಅನ್ಸ್ತದ, ವಾಪಸ್ ಬರೋವಾಗ ಖರೇ ಗೊತ್ತಾಗ್ತದ. ಡಿಸೆಂಬರ್, ಜನವರಿದಾಗ ಉಲ್ಟಾ, ಹೋಗೋವಾಗ ಎದುರು ಗಾಳಿ, ಬರೋವಾಗ ಬೆನ್ನ ಗಾಳಿ, ನನಗ ಕೇಳಿದ್ರ ಇದೇ ಛಲೋ. ಮಾರ್ಚ್ ದಾಟಿದ್ ಮ್ಯಾಲ ಮಾತೇ ಬ್ಯಾಡ, 40 ಡಿಗ್ರಿ ಬಿಸಿಲಿನಾಗ ಏರು ಹತ್ತೋದು ಶಾಣ್ಯಾರ ಕೆಲಸ ಅಲ್ಲ.

ಆದ್ರ ಚಳಿಗಾಲದಾಗ ನಮ್ಮ ರೋಡಿಗಿ ತನ್ನದೇ ಒಂದು ರೋಗ ಅದ, ರಾಶಿ. ತೊಗರಿ ಕೊಯ್ದು ಡಾಂಬರ್ ರೋಡ್ ಮ್ಯಾಲೇ ಹರವ್ತಾರ, ಗಾಡಿ ಓಡಾಡಿ ಕಾಳು ಬಿಡ್ಲಿ ಅಂತ. ಮೂರು ವರ್ಷದ ಹಿಂದ ಚಿಂಚೋಳಿ ಆ ಕಡಿ ಇಳಿಜಾರಿನಾಗ ನಾನೇ ಅದರ ಮ್ಯಾಲ ಹೋದೆ, ಬೆರಳಿನಷ್ಟು ದಪ್ಪ ತೊಗರಿ ಕಟ್ಟಿಗಿ ಹಿಂದಿನ ಡಿರೇಲರಿನಾಗ ಸಿಕ್ತು, ಪೆಡಲ್ ಒಂದ್ ಸುತ್ತು ತಿರುಗಿತ್ತೋ ಇಲ್ಲೋ, ಡಿರೇಲರನ್ನ ಫ್ರೇಮಿಗಿ ಹಿಡಿಯೋ ಹ್ಯಾಂಗರ್ ಪಟ್ ಅಂತ ಮುರೀತು, ಡಿರೇಲರ್ ಸತ್ತ ಕೋಳಿ ಹಂಗ ಜೋತು ಬಿತ್ತು. ರಾಶಿ ಮಾಡೋ ಅಜ್ಜ ಓಡಿ ಬಂದು ಕಾಳು ತುಳಿದ್ಯಲ್ಲೋ ತಮ್ಮಾ ಅಂತ ಬೈದು, ಆಮ್ಯಾಲ ಕುಡೀಲಾಕ ನೀರು ಕೊಟ್ಟ. ಚೈನ್ ಕಟರ್ ಇತ್ತು ಅಂತ ಬಚಾವಾದೆ. ಡಿರೇಲರ್ ಬಿಟ್ಟು ಚೈನ್ ಗಿಡ್ಡ ಮಾಡಿ, ಹಿಂದಿನ ನಡುವಿನ ಹಲ್ಲಿಗಿ, ಎಲ್ಲಿ ಬಿಗಿ ಕೂಡ್ತದೋ ಅಲ್ಲಿ ಸೀದಾ ಕೂಡಿಸಿ, ಒಂದೇ ಗೇರಿನಾಗ ಊರು ಮುಟ್ಟಿದೆ, ಏರು ಬಂದಲ್ಲೆಲ್ಲ ತಳ್ಳಿದೆ, ನಮ್ಮ ಅಪ್ಪನ ಹಂಗ. ರಾಶಿ ಕಂಡ್ರ ಇಳಿದು ಎತ್ಕೊಂಡು ದಾಟ್ರಿ, ಜೇಬಿನಾಗ ನಿಮ್ಮ ಸೈಕಲ್ಲಿನ ಹ್ಯಾಂಗರ್ ಒಂದು ಇಟ್ಕೊಳ್ರಿ, ಒಂದರದ್ದು ಇನ್ನೊಂದಕ್ಕ ಕೂಡಂಗಿಲ್ಲ.

ಇನ್ನ ಮುಳ್ಳು. ಜಾಲಿ ಮುಳ್ಳು, ನೆಗ್ಗಿಲ ಮುಳ್ಳು, ಎರಡೂ ರೋಡ್ ಅಂಚಿಗಿ ಕಾಯ್ತಿರ್ತಾವ. ಟ್ಯೂಬ್ ಬದಲಿ ಮಾಡಿ ಅದೇ ಮುಳ್ಳು ಟೈರಿನಾಗೇ ಬಿಟ್ಟು ಮತ್ತ ಪಂಕ್ಚರ್ ಮಾಡ್ಕೊಳೋರೇ ಭಾಳ. ಬರೇ ಬೆರಳು ಹಾಕಿ ಹುಡುಕಿದ್ರ ಬೆರಳಿಗಿ ಚುಚ್ಚಿಸ್ಕೋತೀರಿ. ಒಂದು ಚಿಟಿಕಿ ಹತ್ತಿ ತಗೊಂಡು ಟೈರಿನ ಒಳಮೈಗಿ ಸುತ್ತ ಸವರ್ರಿ, ಮುಳ್ಳಿನ ತುದಿ ಕಣ್ಣಿಗಿ ಕಾಣದಿದ್ರೂ ಹತ್ತಿ ಎಳಿ ಅಲ್ಲಿ ಸಿಕ್ಕಿಹಾಕ್ಕೊಂತದ, ಹೊರಗಿನಿಂದ ಕಿತ್ತು ಒಗೀರಿ. ನಮ್ಮ ಕಡಿ ಹತ್ತಿಗೇನು ಬರ. ತಲಿಗೆರಡು ಟ್ಯೂಬ್, ಪ್ಯಾಚ್, ಸೊಲ್ಯೂಷನ್ ಬೇಕೇ ಬೇಕು. ಪ್ರೆಸ್ಟಾ ವಾಲ್ವ್, ಅಂದ್ರ ರೇಸ್ ಸೈಕಲ್ಲಿನ ತೆಳ್ಳನ ವಾಲ್ವ್ ಇದ್ದವ್ರು ಹಿತ್ತಾಳಿ ಅಡಾಪ್ಟರ್ ಮರೀಬ್ಯಾಡ್ರಿ, ಹಳ್ಳಿ ಪಂಕ್ಚರ್ ಅಂಗಡಿ ಹವಾ ಪೈಪು ಬೈಕಿನ ವಾಲ್ವಿಗಷ್ಟೇ ಕೂಡ್ತದ. 28 ಎಂಎಂ ಟೈರಿಗಿ, 70 ಕೆಜಿ ಮನಿಷಾಗ, 70 ಪಿಎಸ್‌ಐ ಆಸುಪಾಸು ಹವಾ ಸಾಕು, ಕಲ್ಲಿನಂಗ ತುಂಬಿಸಿದ್ರ ಗರಸಿನ ಮ್ಯಾಲ ಸೈಕಲ್ ಕುಣೀತದ. ಇಳಿಜಾರಿನ ತಿರುವಿನಾಗ ಕೆಂಪು ಗರಸು ಇದ್ದೇ ಇರ್ತದ, ಬ್ರೇಕ್ ಹಿಡಿಯೋದಿದ್ರ ತಿರುವಿಗಿಂತ ಮೊದಲೇ ಹಿಡೀರಿ, ತಿರುವಿನಾಗ ಹಿಡಿದ್ರ ಹೊಲದಾಗ ಇರ್ತೀರಿ.

ಹೊಟ್ಟಿಗಿ ಏನು ಅಂದ್ರ, ಶೇಂಗಾ ಹೋಳಿಗಿ. ಬೆಲ್ಲನೂ ಅದ, ಎಣ್ಣಿನೂ ಅದ, ಕೆಡಂಗಿಲ್ಲ. ಕಮಲಾಪುರದ ಕೆಂಪು ಬಾಳಿಹಣ್ಣು ಸಿಕ್ರ ಅದೂ ಛಲೋ. ಒಂದು ಲೀಟರ್ ನೀರಿಗಿ ಆರು ಚಮಚಿ ಸಕ್ಕರಿ, ಅರ್ಧ ಚಮಚಿ ಉಪ್ಪು ಹಾಕಿ ಕುಡೀರಿ, ಚಹಾ ಚಮಚಿ ಮತ್ತ, ಗುಡ್ಡಿ ಹಾಕದ ಸಪಾಟು ಮಾಡಿ ಅಳೀರಿ.

ಕಡೀಗಿ ಹುಡುಗ್ರ ಪ್ಲಾನು ಮೂರು ದಿನದ್ದು ಆಯ್ತು. ಮೊದಲ ದಿನ ಚಿಂಚೋಳಿ ತನಕ, 80 ಕಿಲೋಮೀಟರ್ ಆಸುಪಾಸು, ಅಲ್ಲೇ ವಸ್ತಿ. ಎರಡನೇ ದಿನ ಸಾಮಾನೆಲ್ಲ ರೂಮಿನಾಗ ಬಿಟ್ಟು ಖಾಲಿ ಸೈಕಲ್ ಮ್ಯಾಲ ಡ್ಯಾಮಿಗಿ ಹೋಗಿ ಬರೋದು, ಮೂರನೇ ದಿನ ವಾಪಸ್. ಡ್ಯಾಮ್ ಸುತ್ತಿನ ಕಾಡು 2011ರಿಂದ ವನ್ಯಜೀವಿ ಧಾಮ, ಮೊದಲೇ ಅರಣ್ಯ ಇಲಾಖಿಗಿ ಕೇಳ್ಕೊಂಡು ಹೋಗ್ರಿ, ಕತ್ತಲಾಗೋ ತನಕ ಒಳಗ ಇರಬ್ಯಾಡ್ರಿ ಅಂದೆ. ಸಂಜಿ ಮ್ಯಾಲ ಹೊರಗಿನ ರೋಡೂ ಬ್ಯಾಡ, ಹಿಂದ ಲೈಟ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ನಿಂತಿರ್ತಾವ.

ಯಾವಾಗ ಹೊಂಟೀರಿ ಅಂದ್ರ ಎಳ್ಳ ಅಮಾಸಿ ಹಿಡ್ಕೊಂಡು ರಜಾ ಅದ ಕಾಕಾ ಅಂದ್ರು. ನಾ ನಕ್ಕೆ. ಅವತ್ತು ಬುತ್ತಿ ಒಯ್ಯೋ ಜರೂರತ್ತೇ ಇಲ್ಲ, ರೋಡಿಗಿ ಹೊಂದಿದ ಹೊಲದಾಗೆಲ್ಲ ಭೂಮಿತಾಯಿಗಿ ಎಡಿ ಅಂತ ಚರಗ ಚೆಲ್ಲಿ ಊಟಕ್ಕ ಕುಂತಿರ್ತಾರ, ಹೋಗೋರನ್ನ ಕೂಗಿ ಕರೀತಾರ, ಬರಂಗಿಲ್ಲ ಅಂದ್ರ ಸಿಟ್ಟಾಗ್ತಾರ. ಭಜ್ಜಿ, ಸಜ್ಜಿ ಕಡುಬು ತಿಂದು ಮ್ಯಾಲ ಒಂದು ಚರಗಿ ಅಂಬಲಿ ಕುಡಿದ ಮನಿಷಾ 34ಕ್ಕ 32 ಅಲ್ಲ, ಯಾವ ಗೇರ್ ಹಾಕಿದ್ರೂ ಏರು ಹತ್ತಂಗಿಲ್ಲ. ಅದಕ್ಕ ಅವತ್ತು ಬೆಳಕು ಹರಿಯೋದ್ರಾಗ ಹೊಂಡ್ರಿ, ಏರೆಲ್ಲ ಹನ್ನೊಂದರ ಒಳಗ ಮುಗಿಸ್ರಿ, ಆಮ್ಯಾಲ ಯಾರು ಕರೆದ್ರೂ ಹೋಗ್ರಿ ಅಂತ ಹೇಳಿ ಕಳಿಸೀನಿ.