ಬಿಂದುಗಳಿಂದ ಸಮೀಕರಣಕ್ಕೆ ನಡೆದ ದಾರಿ

ಕೊಡವರ ಕಕ್ಕಡ ತಿಂಗಳ ಮಳೆಗೆ ಭಾಗಮಂಡಲದ ಸಂಗಮ ಉಕ್ಕಿದಾಗ, ಕಾವೇರಿ ಎಷ್ಟು ಏರಿತೆಂದು ಕೊಡಗಿನವರು ಮತ್ತೆ ಮತ್ತೆ ವಿಚಾರಿಸುತ್ತಾರೆ. ನದಿದಡದ ಅಳತೆಪಟ್ಟಿಯಲ್ಲಿ ಬೆಳಿಗ್ಗೆ 6ಕ್ಕೆ 3 ಅಡಿ, 9ಕ್ಕೆ 5 ಅಡಿ, ಮಧ್ಯಾಹ್ನ 12ಕ್ಕೆ 9 ಅಡಿ ಇತ್ತೆಂದು ಇಟ್ಟುಕೊಳ್ಳೋಣ. ಯಾರೂ ನೋಡದ ಹತ್ತೂವರೆಯಲ್ಲಿ ನೀರು ಎಷ್ಟಿತ್ತು? ಗೊತ್ತಿರುವ ಬಿಂದುಗಳಿಂದ ಇಡೀ ನಕ್ಷೆಯ ಸಮೀಕರಣವನ್ನು ಹುಡುಕುವ ಗಣಿತ ಇಂತಹ ಪ್ರಶ್ನೆಗಳಿಂದಲೇ ಬೆಳೆದಿದೆ.

ಈ ಪ್ರಶ್ನೆಯನ್ನು ಮೊದಲು ಎದುರಿಸಿದವರಲ್ಲಿ ಆಕಾಶ ನೋಡುವವರು ಮುಖ್ಯರು. ಕ್ರಿ.ಶ. 665ರ 'ಖಂಡಖಾದ್ಯಕ'ದಲ್ಲಿ ಬ್ರಹ್ಮಗುಪ್ತ, 150ರ ತ್ರಿಜ್ಯಕ್ಕೆ, 15 ಡಿಗ್ರಿಗೊಮ್ಮೆ ಜ್ಯಾ (ತ್ರಿಜ್ಯದಿಂದ ಗುಣಿಸಿದ ಸೈನ್) ಬೆಲೆ ಎಷ್ಟು ಹೆಚ್ಚುತ್ತದೆಂಬುದನ್ನು 39, 36, 31, 24, 15, 5 ಎಂಬ ಆರೇ ಸಂಖ್ಯೆಗಳಲ್ಲಿ ಕೊಟ್ಟಿದ್ದಾನೆ. 30 ಡಿಗ್ರಿಗೆ ಬೆಲೆ 39 + 36 = 75. 40 ಡಿಗ್ರಿಗೆ ಬೇಕಾದರೆ ಸರಳರೇಖೆ ಎಳೆದು ಸುಮಾರು 95.67 ಎನ್ನಬಹುದು. ಬ್ರಹ್ಮಗುಪ್ತನಾದರೋ ಹಿಂದಿನ ವ್ಯತ್ಯಾಸ 36ನ್ನೂ ಮುಂದಿನ 31ನ್ನೂ ಜೊತೆಗಿಟ್ಟು, ಏರಿಕೆ ಕುಗ್ಗುತ್ತಿರುವ ವೇಗವನ್ನೂ ಲೆಕ್ಕಕ್ಕೆ ಸೇರಿಸುತ್ತಾನೆ. ಆತನ ಸೂತ್ರದಿಂದ 96.22 ಬರುತ್ತದೆ, ನಿಜವಾದ ಬೆಲೆ 96.42. ವ್ಯತ್ಯಾಸಗಳ ವ್ಯತ್ಯಾಸವನ್ನು ಗಮನಿಸಿದ ಈ ಹೆಜ್ಜೆಯೇ ಈ ಚರಿತ್ರೆಯ ಅತ್ಯಂತ ಸುಂದರ ಘಟ್ಟವೆಂದು ನನ್ನ ಭಾವನೆ.

ಸಾವಿರ ವರ್ಷಗಳ ನಂತರ, 1687ರ 'ಪ್ರಿನ್ಸಿಪಿಯಾ'ದಲ್ಲಿ ನ್ಯೂಟನ್ ಎಷ್ಟೇ ಬಿಂದುಗಳಿದ್ದರೂ ಅವೆಲ್ಲವನ್ನೂ ಹಾಯುವ ವಕ್ರರೇಖೆಯನ್ನು ಕಂಡುಹಿಡಿಯುವ ಕ್ರಮವನ್ನು ಕೊಟ್ಟ. ಧೂಮಕೇತುವಿನ ನಡುವಿನ ಸ್ಥಾನಗಳನ್ನು ತಿಳಿಯಲು ಅದು ಬೇಕಿತ್ತು. ಇಂದು ಲಗ್ರಾಂಜ್‌ನ ಹೆಸರಿನಲ್ಲಿರುವ, ಇದೇ ಕೆಲಸ ಮಾಡುವ ಸೂತ್ರವನ್ನು 1779ರಲ್ಲೇ ಇಂಗ್ಲಿಷ್ ಗಣಿತಜ್ಞ ವೇರಿಂಗ್ ಪ್ರಕಟಿಸಿದ್ದ.

ನಮ್ಮ ನದಿಗೆ ಮರಳೋಣ. ಮೂರು ಗಂಟೆಯನ್ನು ಒಂದು ಮಾನವೆಂದು ಹಿಡಿದರೆ ಏರಿಕೆಗಳು 2 ಮತ್ತು 4, ಅವುಗಳ ವ್ಯತ್ಯಾಸ 2. ಬೆಳಿಗ್ಗೆ 6ರಿಂದ ಕಳೆದ ಮಾನಗಳು x, ನೀರಿನ ಮಟ್ಟ y ಎಂದರೆ, ಇದರಿಂದ y = x² + x + 3 ಎಂಬ ಸಮೀಕರಣ ದೊರೆಯುತ್ತದೆ; x = 1.5 ಎಂದಿಟ್ಟರೆ ಹತ್ತೂವರೆಗೆ 6.75 ಅಡಿ. ಸರಳರೇಖೆ 7 ಎನ್ನುತ್ತಿತ್ತು.

ಆದರೆ ಈ ಸಮೀಕರಣವನ್ನು ಆ ಮೂರು ಬಿಂದುಗಳಷ್ಟೇ ಕೊಟ್ಟಿಲ್ಲ. ಇದಕ್ಕೆ x(x−1)(x−2) ಎಂಬುದರ ಯಾವ ಅಪವರ್ತ್ಯವನ್ನು ಕೂಡಿಸಿದರೂ, x = 0, 1, 2ರಲ್ಲಿ ಅದು ಸೊನ್ನೆಯಾಗುವುದರಿಂದ, ಹೊಸ ವಕ್ರರೇಖೆ ಅವೇ ಮೂರು ಬಿಂದುಗಳನ್ನು ಹಾಯುತ್ತದೆ. ಎರಡನೆಯ ಘಾತವನ್ನು ಮೀರಬಾರದೆಂಬ ನಿಬಂಧನೆಯನ್ನು ನಾವೇ ಹಾಕಿದ್ದರಿಂದ ಉತ್ತರ ಒಂದೇ ಆಯಿತು. ಶಾಲೆಯ ಲೆಕ್ಕದಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳದೆ ಬಿಡುವುದು ಸರಿಯಲ್ಲ. ಬಿಂದುಗಳು ಹೆಚ್ಚಿದಷ್ಟೂ ಉತ್ತರ ಸುಧಾರಿಸುತ್ತದೆಂಬ ನಂಬಿಕೆಯನ್ನೂ 1901ರಲ್ಲಿ ಜರ್ಮನ್ ಗಣಿತಜ್ಞ ರೂಂಗೆ ಅಲುಗಾಡಿಸಿದ: ಸಮಾನ ಅಂತರದ ಬಿಂದುಗಳ ಮೂಲಕ ಹೆಚ್ಚಿನ ಘಾತದ ಬಹುಪದೋಕ್ತಿಯನ್ನು ಹಾಯಿಸಿದಾಗ, ಕೆಲವು ಸರಳ ಉತ್ಪನ್ನಗಳಿಗೂ (ಫಂಕ್ಷನ್‌ಗಳಿಗೂ) ಅದು ಅಂಚುಗಳಲ್ಲಿ ಭಾರಿಯಾಗಿ ತೂಗಾಡುತ್ತದೆಂದು ತೋರಿಸಿದ.

ಅಳತೆ ನಿಂತ ಜಾಗದಿಂದ ಮುಂದಕ್ಕೆ ಹೋಗುವುದು ಇನ್ನೂ ಅಪಾಯದ ಕೆಲಸ. ನಮ್ಮ ಸಮೀಕರಣದಲ್ಲಿ x = 10 ಎಂದಿಟ್ಟರೆ, ಅಂದರೆ ಮರುದಿನ ಮಧ್ಯಾಹ್ನ 12ಕ್ಕೆ, ಕಾವೇರಿ 113 ಅಡಿಗೆ ಏರಿರಬೇಕು; ಮಳೆ ನಿಂತು ಆ ಹೊತ್ತಿಗೆ ನೀರು ಇಳಿದಿದ್ದರೂ ಸಮೀಕರಣಕ್ಕೆ ಅದು ತಿಳಿಯುವುದಿಲ್ಲ.