ಎರಾಟಾ: ಕರ್ನಲ್ ಹಾಕಿದ್ರೆ ಹೋಗೋದಲ್ಲ

"ಹೊಸ ಕರ್ನಲ್ ಹಾಕ್ಕೊಳ್ಳಿ, ಪ್ರೊಸೆಸರ್ ಎರಾಟಾಗಳೆಲ್ಲ ಫಿಕ್ಸ್ ಆಗಿವೆ" ಅನ್ನೋ ಮಾತು ಈ ವಾರದಲ್ಲಿ ಮೂರನೇ ಸಲ ಕಣ್ಣಿಗೆ ಬಿತ್ತು. (ಕರ್ನಲ್ ಅಂದ್ರೆ ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಎರಾಟಾ ಅಂದ್ರೆ ಚಿಪ್‌ನಲ್ಲೇ ಉಳಿದುಹೋದ ತಪ್ಪುಗಳು.) ಒಂದೇ ಸಾಲಲ್ಲಿ ಎರಡು ತಪ್ಪು. ಸಣ್ಣದು ವ್ಯಾಕರಣದ್ದು: ಎರಾಟಾ ಅನ್ನೋದೇ ಬಹುವಚನ, ಒಂದಿದ್ರೆ ಎರಾಟಂ. ಕನ್ನಡಕ್ಕೆ ಬಂದ್ಮೇಲೆ ನಮ್ಮ 'ಗಳು' ಅಂಟಿಕೊಳ್ಳೋದು ಸಹಜ, ಅದಕ್ಕೆ ತಕರಾರಿಲ್ಲ (ಸ್ವಲ್ಪ ಇದೆ, ಬಿಡಿ). ದೊಡ್ಡ ತಪ್ಪು ಆ 'ಫಿಕ್ಸ್'.

ಪದ ಲ್ಯಾಟಿನ್‌ದು. ಎರಾರೆ ಅಂದ್ರೆ ಅಲೆಯೋದು, ದಾರಿ ತಪ್ಪೋದು, ಎರರ್ ಕೂಡ ಅದೇ ಬೇರಿಂದ ಬಂದಿರೋದು. ಆದ್ರೆ ಎರಾಟಾ ಅನ್ನೋ ಪದ ಬಳಕೆಗೆ ನಿಂತಿದ್ದು ಅಚ್ಚಿನ ಮನೇಲಿ. ಹಳೇ ಪುಸ್ತಕಗಳ ಕೊನೇಲಿ 'ತಪ್ಪು-ಒಪ್ಪು' ಅಂತ ಒಂದು ಹಾಳೆ ಇರತ್ತಲ್ಲ, ಪುಟ ಇಷ್ಟು, ಸಾಲು ಇಷ್ಟು, ಹೀಗಿರೋದನ್ನ ಹೀಗೆ ಓದಿಕೊಳ್ಳಿ ಅಂತ, ಅದೇ ಇದು. ಆ ಹಾಳೆ ಯಾಕೆ ಬೇಕಾಯ್ತು? ಪುಸ್ತಕ ಆಗ್ಲೇ ಅಚ್ಚಾಗಿ, ಹೊಲಿಗೆ ಬಿದ್ದು, ಕೈಗೆ ಬಂದುಬಿಟ್ಟಿದೆ, ಒಳಗಿನ ಅಕ್ಷರ ಇನ್ನು ಬದಲಾಗಲ್ಲ, ಓದೋನೇ ಹುಷಾರಾಗಿರಬೇಕು. ಚಿಪ್ಪೂ ಅಷ್ಟೇ, ಸಿಲಿಕಾನ್ ಮೇಲೆ ಅಚ್ಚಾದ್ಮೇಲೆ ಮುಗೀತು. ಮ್ಯಾನ್ಯುಯಲ್ ಹೇಳಿದ್ದೊಂದು, ಚಿಪ್ ಮಾಡೋದಿನ್ನೊಂದು ಅಂತ ಗೊತ್ತಾದಾಗ ತಯಾರಕರು ಪಟ್ಟಿ ಬಿಡ್ತಾರೆ, ಅದರಲ್ಲಿ ಎಷ್ಟೋ ಸಾಲುಗಳ ಮುಂದೆ 'ನೋ ಫಿಕ್ಸ್' ಅಂತ ಅವರೇ ಬರ್ಕೊಂಡಿರ್ತಾರೆ. ಸರಿಪಡಿಸಿದ್ರೂ ಅದು ಮುಂದಿನ ಸ್ಟೆಪಿಂಗ್‌ನಲ್ಲಿ, ಅಂದ್ರೆ ಎರಡನೇ ಮುದ್ರಣದಲ್ಲಿ. ನಿಮ್ಮ ಕೈಲಿರೋದು ಮೊದಲನೇದು.

ಹಾಗಾದ್ರೆ ಕರ್ನಲ್ ಮಾಡೋದೇನು? ಗುಂಡಿ ಮುಚ್ಚಲ್ಲ, ಬಳಸಿಕೊಂಡು ಹೋಗತ್ತೆ. ನನಗೆ ಇವತ್ತಿಗೂ ಇಷ್ಟವಾಗೋ ಉದಾಹರಣೆ 1997ರ ಎಫ್‌00ಎಫ್ ಅನ್ನೋ ದೋಷ. ಇಂಟೆಲ್‌ನ ಪೆಂಟಿಯಂ ಪ್ರೊಸೆಸರ್‌ನಲ್ಲಿ ಒಂದು ನಿರ್ದಿಷ್ಟ ಅಡ್ಡಾದಿಡ್ಡಿ ಇನ್‌ಸ್ಟ್ರಕ್ಷನ್ ಕೊಟ್ರೆ 'ಇದು ಅಮಾನ್ಯ' ಅಂತ 6ನೇ ನಂಬರಿನ ಎಕ್ಸೆಪ್ಶನ್ (ಕೆಲಸ ನಿಲ್ಲಿಸಿ ಕರ್ನಲ್ಲನ್ನ ಕರೆಯೋ ಸೂಚನೆ) ಬರಬೇಕು, ಆದ್ರೆ ಬಸ್ಸನ್ನ (ಮೆಮೊರಿಗೆ ಹೋಗೋ ದಾರೀನ) ಲಾಕ್ ಮಾಡ್ಕೊಂಡೇ ಚಿಪ್ ಹೆಪ್ಪುಗಟ್ಟಿ ಕೂತುಬಿಡ್ತಿತ್ತು, ಯಾವ ಪರ್ಮಿಶನ್ನೂ ಇಲ್ಲದ ಸಾಮಾನ್ಯ ಪ್ರೋಗ್ರಾಮ್ ಕೂಡ ಇಡೀ ಮಶೀನನ್ನ ಮಲಗಿಸಬಹುದಿತ್ತು. ಲಿನಕ್ಸ್ ಏನು ಮಾಡ್ತು ಅಂದ್ರೆ, ಎಕ್ಸೆಪ್ಶನ್ ಬಂದಾಗ ಎಲ್ಲಿಗೆ ಹೋಗಬೇಕು ಅನ್ನೋ ಟೇಬಲ್ ಇದೆಯಲ್ಲ, ಐಡಿಟಿ, ಅದಿರೋ ಪೇಜನ್ನೇ, ಅಂದ್ರೆ ಮೆಮೊರಿಯ ಆ ತುಂಡನ್ನೇ, ರೀಡ್-ಓನ್ಲಿ ಮಾಡ್ತು. ಚಿಪ್ ಲಾಕ್ ಹಿಡ್ಕೊಂಡು ಅಲ್ಲಿಗೆ ಕೈ ಹಾಕಿದ ತಕ್ಷಣ ಪೇಜ್ ಫಾಲ್ಟ್ (ಈ ಪೇಜನ್ನ ಹೀಗೆ ಮುಟ್ಟೋ ಹಾಗಿಲ್ಲ ಅನ್ನೋ ಇನ್ನೊಂದು ಎಕ್ಸೆಪ್ಶನ್) ಆಗಿ ಹೆಪ್ಪುಗಟ್ಟೋದು ತಪ್ಪತ್ತೆ. ಆಮೇಲೆ ಫಾಲ್ಟ್ ಹ್ಯಾಂಡ್ಲರ್ ಕೂತು ಲೆಕ್ಕ ಹಾಕತ್ತೆ: ಫಾಲ್ಟ್ ಆದ ಅಡ್ರೆಸ್‌ನಿಂದ ಟೇಬಲ್ ಶುರುವಾಗೋ ಅಡ್ರೆಸ್ ಕಳೆದು 8ರಿಂದ (ಟೇಬಲ್‌ನ ಒಂದೊಂದು ಮನೆ 8 ಬೈಟ್) ಭಾಗಿಸಿದ್ರೆ 6 ಬಂತಾ? ಬಂದ್ರೆ ಇದು ಆ ಕಿಡಿಗೇಡಿ ಇನ್‌ಸ್ಟ್ರಕ್ಷನ್ನೇ, ಪ್ರೋಗ್ರಾಮಿಗೆ ಅಮಾನ್ಯ ಅಂತ ಸಿಗ್ನಲ್ ಕಳಿಸು. ಎಷ್ಟು ಚಂದದ ಉಪಾಯ ನೋಡಿ! ಪೆಂಟಿಯಂ ಮಾತ್ರ ಮೊದಲು ಹೇಗಿತ್ತೋ ಹಾಗೇ ಇದೆ.

ನಿಜವಾದ ಫಿಕ್ಸ್ ಅಂದ್ರೆ ಪೆಂಟಿಯಂನದೇ 1994ರ ಎಫ್‌ಡಿವ್ ಅನ್ನೋ ದೋಷಕ್ಕೆ ಆಗಿದ್ದು. ಭಾಗಾಕಾರದ ಟೇಬಲ್‌ನಲ್ಲಿ ಕೆಲವು ಮನೆ ಖಾಲಿ ಉಳಿದಿದ್ವು, ಇಂಟೆಲ್ ಕೊನೆಗೆ ಚಿಪ್ಪನ್ನೇ ಬದಲಾಯಿಸಿ ಕೊಡ್ತು.

ಮೈಕ್ರೋಕೋಡ್ (ಚಿಪ್ ಒಳಗೇ ಓಡೋ ಪುಟ್ಟ ಪ್ರೋಗ್ರಾಮ್) ಅಪ್ಡೇಟ್ ಇದೆಯಲ್ಲ ಅಂತೀರಾ? ಅದೂ ಪವರ್ ತೆಗೆದ್ರೆ ಮಾಯ, ಪ್ರತಿ ಬೂಟಿಗೂ ಮತ್ತೆ ಲೋಡ್ ಆಗಬೇಕು. ಇನ್ನು ಎಎಂಡಿ ಕಂಪನಿಯ ಎರಡನೇ ತಲೆಮಾರಿನ ಎಪಿಕ್ ಸರ್ವರ್ ಚಿಪ್‌ನ ಎರಾಟಂ 1474 ನೋಡಿ, ಕೊನೇ ರೀಸೆಟ್ ಆಗಿ ಸುಮಾರು 1044 ದಿನ ಕಳೆದ್ಮೇಲೆ ಕೋರ್ ಒಂದು ಸಿಸಿ6 ಅನ್ನೋ, ಕರೆಂಟ್ ಉಳಿಸೋ ನಿದ್ದೆಗೆ ಹೋದ್ರೆ ಎದ್ದೇಳಲ್ಲ. ಪರಿಹಾರ ಏನಂದ್ರೆ ಆ ನಿದ್ದೇನೇ ಬಂದ್ ಮಾಡಿ, ಇಲ್ಲಾ ಅಷ್ಟರೊಳಗೆ ಒಂದ್ಸಲ ರೀಬೂಟ್ ಮಾಡಿ. ಇದನ್ನೂ ಫಿಕ್ಸ್ ಅಂತೀರೇನ್ರೀ?

ಸರಿಯಾದ ಪದ ವರ್ಕ್‌ಅರೌಂಡ್ (ಬಳಸುದಾರಿ), ಸೆಕ್ಯೂರಿಟಿ ವಿಷಯವಾದ್ರೆ ಮಿಟಿಗೇಶನ್ (ಅಪಾಯ ತಗ್ಗಿಸೋದು). ಲಿನಕ್ಸ್ ಈ ವಿಷಯದಲ್ಲಿ ನಮಗಿಂತ ಪ್ರಾಮಾಣಿಕ. 2018ರಲ್ಲಿ ಬಯಲಾದ ಮೆಲ್ಟ್‌ಡೌನ್ ಅನ್ನೋ ಸೆಕ್ಯೂರಿಟಿ ದೋಷ ಇರೋ ಹಳೇ ಮಶೀನಲ್ಲಿ ಎಲ್ಲಾ ಅಪ್ಡೇಟ್ ಹಾಕ್ಕೊಂಡು ಸಿಪಿಯುಇನ್ಫೋ (ಪ್ರೊಸೆಸರ್ ವಿವರ ತೋರಿಸೋ ಫೈಲು) ತೆರೆದು ನೋಡಿ, 'ಬಗ್ಸ್' ಅನ್ನೋ ಸಾಲಲ್ಲಿ ಅದರ ಹೆಸರು ಹಾಗೇ ಕೂತಿರತ್ತೆ. ವಲ್ನರಬಿಲಿಟೀಸ್ ಅನ್ನೋ ಫೋಲ್ಡರಿನಲ್ಲಿರೋ ಮೆಲ್ಟ್‌ಡೌನ್ ಫೈಲು 'ಮಿಟಿಗೇಶನ್: ಪಿಟಿಐ' ಅನ್ನತ್ತೆ (ಪಿಟಿಐ ಅಂದ್ರೆ ಕರ್ನಲ್ಲಿನ ಮೆಮೊರಿಯನ್ನ ಸಾಮಾನ್ಯ ಪ್ರೋಗ್ರಾಮ್‌ಗಳಿಂದ ಮರೆಮಾಡೋ ಉಪಾಯ). 'ನಾಟ್ ಅಫೆಕ್ಟೆಡ್' ಅಂತ ಬರಬೇಕಂದ್ರೆ ಬೇರೆ ಚಿಪ್ಪೇ ತರಬೇಕು.