ಯಾಕೋಬನ ಪತ್ರಿಕೆಯಲ್ಲಿ ಯಾರು ಏನು ಮಾತಾಡುತ್ತಾರೆ? – ಅಧ್ಯಯನ ಟಿಪ್ಪಣಿ

ಬೈಬಲಿನ ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆ, ಅಂದರೆ ಯಾಕೋಬ ಬರೆದ ಪತ್ರ, ಚಿಕ್ಕದು. 5 ಅಧ್ಯಾಯ, 108 ವಚನ. ಕೂತ ಕಡೆಯೇ ಓದಿ ಮುಗಿಸಬಹುದು. ಅದರಲ್ಲಿ ಅರ್ಥವಾಗದ ವಿಷಯವೂ ಜಾಸ್ತಿ ಇಲ್ಲ. ಪಕ್ಷಪಾತ ಬೇಡ, ನಾಲಿಗೆ ಹಿಡಿತದಲ್ಲಿರಲಿ, ನಂಬಿಕೆ ಕ್ರಿಯೆಯಲ್ಲಿ ಕಾಣಲಿ. ಎಲ್ಲವೂ ಕೇಳಿದ ಮಾತೇ, ಅಲ್ವಾ? ಕಷ್ಟ ಇರುವುದು ಅದನ್ನು ದಿನದ ಬದುಕಿಗೆ ಇಳಿಸುವುದರಲ್ಲಿ. ಹಾಗಾಗಿ ಈ ಟಿಪ್ಪಣಿಯಲ್ಲಿ ಒಂದೇ ದಾರಿ ಹಿಡಿಯುತ್ತೇನೆ. ಯಾಕೋಬ ಆಗಾಗ ಬೇರೆಯವರ ಬಾಯಿಂದ ಮಾತು ಆಡಿಸುತ್ತಾನೆ. ಪೆನ್ಸಿಲ್ ತಗೊಂಡು ಆ ಮಾತುಗಳಿಗೆ ಮಾತ್ರ ಅಡಿಗೆರೆ ಹಾಕಿ ಓದೋಣ.

ಮೊದಲು ಸ್ವಲ್ಪ ಹಿನ್ನೆಲೆ. ಬರೆದವನು ತನ್ನನ್ನು ದೇವರಿಗೂ ಕರ್ತನಾದ ಯೇಸು ಕ್ರಿಸ್ತನಿಗೂ ದಾಸ ಎಂದಷ್ಟೇ ಕರೆದುಕೊಳ್ಳುತ್ತಾನೆ. ಇವನು ಕರ್ತನ ತಮ್ಮನಾದ ಯಾಕೋಬ, ಯೆರೂಸಲೇಮಿನ ಸಭೆಯ ಹಿರಿಯ ಎಂದು ಸಭೆಯ ಪರಂಪರೆ ಹೇಳುತ್ತದೆ. ಆ ಯಾಕೋಬನನ್ನು ಅಪೊಸ್ತಲರ ಕೃತ್ಯಗಳು 15ರಲ್ಲೂ ಗಲಾತ್ಯ 1:19ರಲ್ಲೂ (1ನೇ ಅಧ್ಯಾಯ, 19ನೇ ವಚನ) ನೋಡುತ್ತೇವೆ. ಕ್ರಿ.ಶ. 62ರ ಹೊತ್ತಿಗೆ ಅವನನ್ನು ಕಲ್ಲೆಸೆದು ಕೊಂದರೆಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಪತ್ರಿಕೆ ಹೋದದ್ದು ಚದುರಿದ ಹನ್ನೆರಡು ಕುಲದವರಿಗೆ, ಅಂದರೆ ಬೇರೆ ಬೇರೆ ಕಡೆ ಹೋಗಿ ನೆಲೆಸಿದ ಇಸ್ರಾಯೇಲ್ಯರಿಗೆ. ಮೋಶೆಯ ಧರ್ಮಶಾಸ್ತ್ರ ಬಾಲ್ಯದಿಂದ ಕೇಳಿ ಬೆಳೆದವರಿಗೆ.

ಓದುವಾಗ ಆ ಧರ್ಮಶಾಸ್ತ್ರದ ಭಾಗವಾದ ಯಾಜಕಕಾಂಡದ 19ನೇ ಅಧ್ಯಾಯವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಕೂಲಿ ತಡೆಹಿಡಿಯಬೇಡ (19:13), ನ್ಯಾಯದಲ್ಲಿ ಮುಖ ನೋಡಬೇಡ (19:15), ಚಾಡಿ ಹೇಳುತ್ತಾ ತಿರುಗಬೇಡ (19:16), ನೆರೆಯವನನ್ನು ನಿನ್ನಂತೆಯೇ ಪ್ರೀತಿಸು (19:18). ಈ ನಾಲ್ಕೂ ಯಾಕೋಬನಲ್ಲಿ ಮತ್ತೆ ಕೇಳುತ್ತವೆ. ಕೊನೆಯದನ್ನು ಅವನು 2:8ರಲ್ಲಿ ನೇರವಾಗಿಯೇ ಎತ್ತಿ ಹೇಳುತ್ತಾನೆ. ಇದನ್ನು ಗಮನಿಸಿದ ಮೇಲೆ ಪತ್ರಿಕೆ ಬಿಡಿಬಿಡಿ ಬುದ್ಧಿಮಾತಿನ ಹಾಗೆ ಕಾಣುವುದಿಲ್ಲ. ನೆರೆಯವನನ್ನು ಪ್ರೀತಿಸುವುದು ಅಂದರೇನು ಎಂಬ ಒಂದೇ ಪ್ರಶ್ನೆ ಉದ್ದಕ್ಕೂ ಹರಿಯುತ್ತದೆ.

ಈಗ ಆ ಮಾತುಗಳು. 2ನೇ ಅಧ್ಯಾಯದ ಶುರುವಿನಲ್ಲಿ ಸಭೆ ಸೇರಿದೆ. ಚಿನ್ನದ ಉಂಗುರ ಹಾಕಿ, ಹೊಳೆಯುವ ಬಟ್ಟೆ ತೊಟ್ಟ ಒಬ್ಬ ಬರುತ್ತಾನೆ. ಮಾಸಿದ ಬಟ್ಟೆಯ ಬಡವನೂ ಬರುತ್ತಾನೆ. ಮೊದಲನೆಯವನಿಗೆ, ಇಲ್ಲಿ ಒಳ್ಳೆಯ ಜಾಗದಲ್ಲಿ ಕೂತುಕೊಳ್ಳಿ ಎಂಬ ಮಾತು. ಎರಡನೆಯವನಿಗೆ, ನೀನು ಅಲ್ಲಿ ನಿಂತುಕೋ, ಇಲ್ಲಾಂದ್ರೆ ನನ್ನ ಕಾಲ ಬಳಿ ಕೂತುಕೋ. ಯಾರೂ ಯಾರನ್ನೂ ಬೈಯಲಿಲ್ಲ. ಯಾರನ್ನೂ ಹೊರಗೆ ಹಾಕಲಿಲ್ಲ. ಇಬ್ಬರಿಗೂ ಜಾಗ ತೋರಿಸಿದರು, ಅಷ್ಟೇ. ಆದರೆ ಯಾಕೋಬ ಅದನ್ನೇ ಪಾಪ ಎನ್ನುತ್ತಾನೆ (2:9). ಹೀಗೆ ಮಾಡಿದವನು ಕೆಟ್ಟ ಆಲೋಚನೆಯ ನ್ಯಾಯಾಧಿಪತಿ ಎನ್ನುತ್ತಾನೆ (2:4).

ಇದನ್ನು ನಮ್ಮ ದಿನಕ್ಕೆ ತರಬೇಕಾದರೆ ಫೋನ್ ಎತ್ತುವ ಹೊತ್ತನ್ನು ನೋಡಿ ಸಾಕು. ನಮಗೆ ಉಪಕಾರ ಆಗುವವರ ಹೆಸರು ಕಂಡರೆ, 'ಹೇಳಿ, ಹೇಳಿ, ಏನೂ ತೊಂದರೆ ಇಲ್ಲ.' ಸಹಾಯ ಕೇಳಬಹುದಾದವರ ಹೆಸರು ಕಂಡರೆ, 'ಹ್ಞಾ, ಏನು? ಬೇಗ ಹೇಳು.' ಎರಡು ಕರೆಯ ನಡುವೆ ಒಂದು ನಿಮಿಷವೂ ಇರುವುದಿಲ್ಲ. ನಾವು ಕೆಟ್ಟ ಮಾತು ಆಡಿಲ್ಲ, ನಿಜ. ಆದರೆ ಒಬ್ಬರಿಗೆ ಒಳ್ಳೆಯ ಜಾಗ, ಇನ್ನೊಬ್ಬರಿಗೆ ಕಾಲ ಬಳಿಯ ಜಾಗ ಕೊಟ್ಟು ಆಯಿತು.

ಮುಂದಿನ ಮಾತು 2:15-16ರಲ್ಲಿದೆ. ಮೈಮೇಲೆ ಬಟ್ಟೆಯಿಲ್ಲದ, ಆ ದಿನದ ಊಟಕ್ಕೂ ಗತಿಯಿಲ್ಲದ ಸಹೋದರನೋ ಸಹೋದರಿಯೋ ಎದುರಿಗಿದ್ದಾರೆ. ಅವರಿಗೆ ಸಿಗುವ ಉತ್ತರ: ಸಮಾಧಾನದಿಂದ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬ ಉಣ್ಣಿ. ಈ ಪತ್ರಿಕೆಯಲ್ಲಿ ನನ್ನನ್ನು ಜಾಸ್ತಿ ತಡೆದು ನಿಲ್ಲಿಸುವ ವಚನ ಇದು. ಯಾಕೆಂದರೆ ಇದು ಒಳ್ಳೆಯ ಮಾತು. ಆಶೀರ್ವಾದದ ಮಾತು. ತಪ್ಪು ಮಾತಿನಲ್ಲಿಲ್ಲ. ದೇಹಕ್ಕೆ ಬೇಕಾದದ್ದನ್ನು ಕೊಡದೆ ಅದನ್ನು ಹೇಳಿ ಕಳಿಸಿದ್ದರಲ್ಲಿದೆ.

ನಾವೂ ಇಂಥ ಮಾತು ಆಡುತ್ತೇವೆ. ಯಾರೋ ಕಷ್ಟ ಹೇಳಿಕೊಂಡು ಮೆಸೇಜ್ ಹಾಕುತ್ತಾರೆ. 'ಪ್ರಾರ್ಥನೆ ಮಾಡ್ತೀನಿ' ಎಂದು ಬರೆದು, ಕೈಮುಗಿದ ಚಿತ್ರ ಹಾಕಿ, ಮುಂದಿನ ಮೆಸೇಜಿಗೆ ಹೋಗುತ್ತೇವೆ. ಹಾಗಂತ ಯಾಕೋಬ ಪ್ರಾರ್ಥನೆಯನ್ನು ಹಗುರ ಮಾಡುತ್ತಿದ್ದಾನೆ ಅಂದುಕೊಳ್ಳಬೇಡಿ. 5ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನನ್ನು ನೆನಪಿಸುವುದು ಅವನೇ. ನಮ್ಮಂಥ ಸ್ವಭಾವದವನೇ ಆದ ಎಲೀಯ ಬೇಡಿಕೊಂಡಾಗ ಮೂರು ವರುಷ ಆರು ತಿಂಗಳು ಮಳೆ ಬರಲಿಲ್ಲ ಎನ್ನುತ್ತಾನೆ (5:17). ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಇವರಿಗೆ ಬೇಕಾದದ್ದು ನನ್ನ ಹತ್ತಿರ ಇದೆಯಾ? ಕೆಲಸ ಕಳಕೊಂಡವರಿಗೆ ಹೇಳಬಹುದಾದ ಖಾಲಿ ಹುದ್ದೆ ನನಗೆ ಗೊತ್ತಿದೆಯಾ? ಕಾಯಿಲೆಯವರ ಪಕ್ಕ ಒಂದು ರಾತ್ರಿ ಕೂರಲು ನನಗೆ ಬಿಡುವಿದೆಯಾ? ಇದ್ದರೆ, ಆ ಪ್ರಾರ್ಥನೆಗೆ ಉತ್ತರದ ಒಂದು ಪಾಲು ನನ್ನ ಕೈಯಲ್ಲೇ ಇದೆ. ನಿಜವಾಗಿಯೂ ಏನೂ ಇಲ್ಲದಿದ್ದರೆ ಪ್ರಾರ್ಥಿಸುವುದು ಖಾಲಿ ಮಾತಲ್ಲ. ಆದರೆ ಆಮೇಲೆ ಅಂತ ಮುಂದೆ ಹಾಕದೆ ಆಗಲೇ ಪ್ರಾರ್ಥಿಸಿಬಿಡಿ. ಆಮೇಲೆ ಅಂದದ್ದು ಮರೆತೇ ಹೋಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬ ಇದೇ ಅಧ್ಯಾಯದಲ್ಲಿ ಹೇಳುತ್ತಾನಲ್ಲ, ನಂಬಿಕೆಯಿಂದಲೇ ನೀತಿವಂತರಾಗುತ್ತೇವೆ ಎಂದ ಅಪೊಸ್ತಲ ಪೌಲನಿಗೆ ಇದು ಎದುರಲ್ವಾ? ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರನಿಗೂ ಈ ತಳಮಳ ಇತ್ತು. 1522ರಲ್ಲಿ ಹೊಸ ಒಡಂಬಡಿಕೆಯ ತನ್ನ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಇದನ್ನು ಹುಲ್ಲಿನ ಪತ್ರಿಕೆ, ಅಂದರೆ ಹೆಚ್ಚು ತೂಕವಿಲ್ಲದ್ದು, ಎಂದಿದ್ದ. ಪೌಲ, ಯಾಕೋಬ ಇಬ್ಬರೂ ಅಬ್ರಹಾಮನ ನಂಬಿಕೆಯ ಕುರಿತಾದ ಒಂದೇ ವಚನವನ್ನು, ಆದಿಕಾಂಡ 15:6ನ್ನು, ಎತ್ತಿಕೊಳ್ಳುತ್ತಾರೆ (ರೋಮಾ 4:3, ಯಾಕೋಬ 2:23). ಪೌಲ ಉತ್ತರ ಕೊಡುತ್ತಿರುವುದು ಕ್ರಿಯೆಗಳಿಂದ ದೇವರ ಮೆಚ್ಚುಗೆ ಸಂಪಾದಿಸಬಹುದು ಎನ್ನುವವರಿಗೆ. ಯಾಕೋಬ ಉತ್ತರ ಕೊಡುತ್ತಿರುವುದು ನಂಬಿಕೆ ಇದೆ ಎಂದು ಬಾಯಲ್ಲಿ ಹೇಳಿ ಸುಮ್ನೆ ಕೂತವರಿಗೆ. ಪೌಲನೂ ಪ್ರೀತಿಯಿಂದ ಕೆಲಸ ಮಾಡುವ ನಂಬಿಕೆಯೇ ಬೇಕು ಎನ್ನುತ್ತಾನೆ (ಗಲಾತ್ಯ 5:6). ನನ್ನ ಮಟ್ಟಿಗೆ ಇಷ್ಟು ಸಾಕು.

4:13ರಲ್ಲಿ ವ್ಯಾಪಾರಿಗಳ ಮಾತು ಕೇಳುತ್ತದೆ. ಇವತ್ತೋ ನಾಳೆಯೋ ಇಂಥ ಪಟ್ಟಣಕ್ಕೆ ಹೋಗಿ, ಒಂದು ವರುಷ ಇದ್ದು, ವ್ಯಾಪಾರ ಮಾಡಿ ಲಾಭ ಸಂಪಾದಿಸುತ್ತೇವೆ. ಯೋಜನೆ ಮಾಡುವುದು ತಪ್ಪಲ್ಲ. ಆದರೆ ಈ ವಾಕ್ಯವನ್ನು ಬಿಡಿಸಿ ನೋಡಿ. ಊರು ಇದೆ, ಅವಧಿ ಇದೆ, ಕೆಲಸ ಇದೆ, ಲಾಭ ಇದೆ. ದೇವರಿಲ್ಲ. ಬೇರೆ ಮನುಷ್ಯರೂ ಇಲ್ಲ. ಕರ್ತನ ಚಿತ್ತವಿದ್ದರೆ ನಾವು ಬದುಕಿ ಇದನ್ನು ಮಾಡುತ್ತೇವೆ ಅನ್ನಿ ಎಂದು ಯಾಕೋಬ ತಿದ್ದುತ್ತಾನೆ (4:15). ಈ ತಿದ್ದುಪಡಿಯನ್ನು ಬಾಯಿಪಾಠ ಮಾಡಿಕೊಂಡು ಎಲ್ಲ ವಾಕ್ಯದ ಬಾಲಕ್ಕೆ ಅಂಟಿಸುವುದು ಸುಲಭ. ಅದರಿಂದ ಏನೂ ಬದಲಾಗದು. 4:17ನ್ನೂ ಸೇರಿಸಿ ಓದಿದರೆ ಪೆಟ್ಟು ಎಲ್ಲಿ ಬೀಳುತ್ತದೆ ಗೊತ್ತಾಗುತ್ತದೆ: ಒಳ್ಳೆಯದು ಯಾವುದೆಂದು ತಿಳಿದೂ ಮಾಡದಿದ್ದರೆ ಅದು ಪಾಪ. ಒಂದು ವರುಷದ ಲೆಕ್ಕದಲ್ಲಿ ಇವತ್ತು ಮಾಡಬೇಕಾದ ಒಳ್ಳೆಯದು ಬಿಟ್ಟುಹೋಗಿರುತ್ತದೆ. ಅಪ್ಪ ಅಮ್ಮನ ಜೊತೆ ಕೂರುವುದು, ತೀರಿಸಬೇಕಾದ ಸಾಲ, ಕೇಳಬೇಕಾದ ಕ್ಷಮೆ.

ನಾಲಿಗೆಯ ವಿಷಯಕ್ಕೆ 3ನೇ ಅಧ್ಯಾಯ ಪೂರ್ತಿ ಓದಿ. ಕುದುರೆಯ ಕಡಿವಾಣ, ಹಡಗಿನ ಚುಕ್ಕಾಣಿ, ಕಾಡು ಸುಡುವ ಕಿಡಿ ಎಲ್ಲರಿಗೂ ನೆನಪಿರುತ್ತವೆ. ನೆನಪಿರಬೇಕಾದದ್ದು 3:9. ಇದೇ ನಾಲಿಗೆಯಿಂದ ಕರ್ತನನ್ನು ಕೊಂಡಾಡುತ್ತೇವೆ, ದೇವರ ಹೋಲಿಕೆಯಲ್ಲಿ ಉಂಟಾದ ಮನುಷ್ಯರನ್ನು ಇದರಿಂದಲೇ ಶಪಿಸುತ್ತೇವೆ. ಬೈಗುಳ ಸಭ್ಯತೆಗೆ ಸಲ್ಲದು ಎಂದು ಅವನು ಹೇಳುತ್ತಿಲ್ಲ. ಬೈಸಿಕೊಂಡವನಲ್ಲಿ ದೇವರ ಹೋಲಿಕೆ ಇದೆ ಎನ್ನುತ್ತಿದ್ದಾನೆ. ಬೆಳಿಗ್ಗೆ ಸ್ತುತಿಗೀತೆ ಹಾಡಿದ ಬಾಯಿ ಸಂಜೆ ಮನೆಯವರ ಮೇಲೆ ಹರಿಹಾಯ್ದರೆ, ಹಾಡಿದ್ದು ಯಾರನ್ನೋ ಅವನ ಹೋಲಿಕೆಯನ್ನೇ ಬೈದಂತಾಯಿತು. ನಾಲಿಗೆಯನ್ನು ಯಾವ ಮನುಷ್ಯನೂ ಪಳಗಿಸಲಾರ ಎಂದು 3:8 ಖಡಾಖಂಡಿತವಾಗಿ ಹೇಳುತ್ತದೆ. ಹಾಗಾದರೆ ಬರೀ ಹಟ ತೊಟ್ಟು ಆಗುವ ಕೆಲಸ ಇದಲ್ಲ. ಜ್ಞಾನ ಕಡಿಮೆಯಿದ್ದರೆ ದೇವರನ್ನು ಕೇಳಿ, ಆತ ಹಂಗಿಸದೆ ಧಾರಾಳವಾಗಿ ಕೊಡುತ್ತಾನೆ ಎಂಬ 1:5 ಇಲ್ಲಿಗೆ ಬೇಕು.

ಒಂದು ಎಚ್ಚರಿಕೆ. ಮಾತಾಡುವುದರಲ್ಲಿ ನಿಧಾನ, ಕೋಪದಲ್ಲಿ ನಿಧಾನ ಎಂಬ 1:19ನ್ನು ಕೆಲವರು ಅನ್ಯಾಯಕ್ಕೆ ಒಳಗಾದವರ ಬಾಯಿ ಮುಚ್ಚಿಸಲು ಬಳಸುತ್ತಾರೆ. ಮನೆಯಲ್ಲಿ ಹೊಡೆತ ತಿನ್ನುವವರಿಗೆ, ಸಂಬಳ ಸಿಗದವರಿಗೆ, 'ಸಹಿಸಿಕೋ, ಮಾತಾಡಬೇಡ' ಎಂದು ಇದೇ ವಚನ ತೋರಿಸುವುದು ಘೋರ ತಪ್ಪು. ಕೊಯ್ಲು ಮಾಡಿದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು 5:4ರಲ್ಲಿ ಯಾಕೋಬ ದನಿ ಎತ್ತಿಯೇ ಹೇಳುತ್ತಾನೆ. ನಿಧಾನ ಎಂಬ ಮಾತು ನನ್ನ ನಾಲಿಗೆಗೆ, ನೊಂದವರ ನಾಲಿಗೆಗಲ್ಲ.

ಅಭ್ಯಾಸಕ್ಕೆ: ಅಡಿಗೆರೆ ಹಾಕಿದ ಪ್ರತಿ ಮಾತಿನ ಎದುರು, ಈ ವಾರ ನೀವು ಆಡಿದ ಅಂಥದೇ ಮಾತೊಂದನ್ನು ಆಡಿದ ಹಾಗೆಯೇ ಬರೆಯಿರಿ. 'ನಾನು ಪಕ್ಷಪಾತ ಮಾಡಿದೆ' ಎಂದು ಬರೆಯಬೇಡಿ. ಆಡಿದ ವಾಕ್ಯ ಬರೆಯಿರಿ, ಯಾರಿಗೆ ಎಂದೂ ಬರೆಯಿರಿ. ಗುಂಪಿನಲ್ಲಿ ಓದುವವರು 5:16ಕ್ಕೆ ಬಂದಾಗ, ಅಂದರೆ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಪ್ರಾರ್ಥಿಸುವ ಭಾಗಕ್ಕೆ ಬಂದಾಗ, ಎಲ್ಲವನ್ನೂ ಎಲ್ಲರ ಮುಂದೆ ಹೇಳಬೇಕಾಗಿಲ್ಲ. ನಂಬಿಕಸ್ಥರಾದ ಒಬ್ಬರು ಸಾಕು. ಬೇರೆಯವರ ಗುಟ್ಟು ಅದರಲ್ಲಿ ಸೇರಿದ್ದರೆ ಅದನ್ನು ಬಿಟ್ಟು ನಿಮ್ಮ ಪಾಲಿನದನ್ನು ಮಾತ್ರ ಹೇಳಿ. ನೋಯಿಸಿದವರು ಹತ್ತಿರದಲ್ಲೇ ಇದ್ದರೆ ಮೊದಲು ಅವರ ಬಳಿಗೆ ಹೋಗಿ.

ಮುಂದಿನ ಸಲ ಮತ್ತಾಯ 5ರಿಂದ 7ರ, ಅಂದರೆ ಯೇಸುವಿನ ಪರ್ವತ ಪ್ರಸಂಗದ, ಜೊತೆ ಇಟ್ಟು ಓದಿ. ಯಾಕೋಬ 5:12ಕ್ಕೆ ಮತ್ತಾಯ 5:34-37, 4:11-12ಕ್ಕೆ ಮತ್ತಾಯ 7:1, 5:2-3ಕ್ಕೆ ಮತ್ತಾಯ 6:19.